ಕಥೆಯಲ್ಲಿಲ್ಲದ ಗಡಿಯಾರ

ಮೊದಲೇ ಹೇಳಿಬಿಡುತ್ತೇನೆ, ಆ ಗಡಿಯಾರವನ್ನು ಗೋಡೆಗೆ ತೂಗುಹಾಕಿದವನು ನಾನೇ. ಕಥೆ ಬರೆದ ಇಂಗ್ಲಿಷ್ ಲೇಖಕ ಸತ್ತು ನೂರು ವರ್ಷ ಕಳೆದಿತ್ತು. ಅವನು ತನ್ನ ಅಂಬಿಗನ ಗುಡಿಸಲಿನಲ್ಲಿ ಒಂದು ದೀಪ, ಒಂದು ಬೆಂಚು, ಮೊಳೆಗೆ ಸಿಕ್ಕಿಸಿದ ಒಂದು ಒದ್ದೆ ಕೋಟು, ಇಷ್ಟನ್ನೇ ಇಟ್ಟು ಹೋಗಿದ್ದ. ಗಡಿಯಾರ ಇಟ್ಟಿರಲಿಲ್ಲ. ಅದನ್ನು ನಾನು ೧೯೯೩ರ ಒಂದು ಭಾನುವಾರ ಮಧ್ಯಾಹ್ನ ಪುಣೆ ಪಕ್ಕದ ಚಿಂಚವಾಡದ ನನ್ನ ಬಾಡಿಗೆ ಕೋಣೆಯಲ್ಲಿ ಕೂತು ಸೇರಿಸಿದೆ.

ಆಗ ನಾನು ಪುಣೆಯ ಒಂದು ಕಾಲೇಜಿನಲ್ಲಿ ತಾಸಿನ ಲೆಕ್ಕದ ಇಂಗ್ಲಿಷ್ ಮಾಸ್ತರ. ಎಷ್ಟು ತಾಸು ಕಲಿಸಿದೆನೋ ಅಷ್ಟಕ್ಕೆ ಪಗಾರ. ಜೂನ್‌ನಲ್ಲಿ ಕರೆಯುತ್ತಿದ್ದರು, ಮಾರ್ಚ್ ಬಂತೆಂದರೆ ಬಿಡುಗಡೆಯ ಪತ್ರ ಕೈಗಿಡುತ್ತಿದ್ದರು. ಹೀಗೆ ಏಳು ವರ್ಷ ಕಳೆದಿದ್ದೆ. ಪ್ರತಿ ಏಪ್ರಿಲ್‌ನಲ್ಲಿ ನನ್ನ ಹೆಂಡತಿ ಮಾಧುರಿ ಬೆಳಗಾವಿಯ ತವರಿಗೆ ಹೋಗುತ್ತಿದ್ದಳು. ನನಗೆ ಮತ್ತೆ ಕರೆ ಬಂದ ಸುದ್ದಿ ತಿಳಿದ ಮೇಲೇ ತಿರುಗಿ ಬರುತ್ತಿದ್ದಳು. ಅವಳನ್ನು ದೂರುವುದಿಲ್ಲ. ಸ್ಟಾಫ್‌ರೂಮಿನಲ್ಲಿ ಖಾಯಂ ಮಾಸ್ತರರಿಗೆ ಬೀಗವಿರುವ ಕಪಾಟು ಕೊಟ್ಟಿದ್ದರು, ನನ್ನ ಪುಸ್ತಕಗಳಿಗೆ ಕಿಟಕಿಯ ಕಟ್ಟೆ. ಖಾಯಂ ಆಗಬೇಕು, ಬೀಗವಿರುವ ಒಂದು ಕಪಾಟು ಸಿಗಬೇಕು. ನನ್ನ ಆಸೆ ಅಷ್ಟಕ್ಕೇ ಬಂದು ನಿಂತಿತ್ತು.

ನಮ್ಮ ವಿಭಾಗದ ಮುಖ್ಯಸ್ಥರು ರಘುರಾಮ ಸರ್. ಮೂಲ ಧಾರವಾಡದವರು, ಪುಣೆಗೆ ಬಂದು ಮೂವತ್ತು ವರ್ಷ. ನಾಲ್ಕು ಜನರೆದುರು ನನ್ನೊಂದಿಗೆ ಮರಾಠಿ, ಕೆಲಸವಿದ್ದಾಗ ಮಾತ್ರ ಕನ್ನಡ. ಅವರು ಕನ್ನಡದಲ್ಲಿ ಮಾತಾಡಿಸಿದರೆಂದರೆ ಏನೋ ಬೇಕಾಗಿದೆ ಎಂದೇ ಅರ್ಥ.

“ಶಿವಪುತ್ರಪ್ಪಾ, ನೀ ನಮ್ಮಾಂವ ಅದೀ ಅಂತ ಹೇಳತೇನಿ,” ಎಂದರು ಒಂದು ದಿನ. “ಬಿ.ಎ. ಕಡೀ ವರ್ಷದ ಕಥೀ ಪುಸ್ತಕಕ್ಕ ಗೈಡ್ ಬೇಕಂತ ಕುಶಲಶೇಠಗ. ನನಗ ಪುರಸೊತ್ತಿಲ್ಲ. ನೀ ಬರದ ಕೊಡು, ಹೆಸರು ನಂದು ಇರಲಿ. ನಿನ್ನ ಖಾಯಂದು ನಾ ನೋಡ್ಕೋತೇನಿ.”

ಕುಶಲಶೇಠ ಎಂದರೆ ಪುಣೆಯ ಪುಸ್ತಕಪೇಟೆ ಅಪ್ಪಾ ಬಳವಂತ ಚೌಕದಲ್ಲಿ ಗೈಡು ಅಚ್ಚುಹಾಕಿ ಮಾರುವವನು. ಕಥೆಯಿರಲಿ, ನಾಟಕವಿರಲಿ, ಎಲ್ಲವನ್ನೂ ಹಿಂಡಿ ಪ್ರಶ್ನೋತ್ತರ ಮಾಡಿಬಿಡುತ್ತಿದ್ದ. ಅವನಿಗೆ ಸಾಹಿತ್ಯದಲ್ಲಿ ಗೊತ್ತಿದ್ದ ನಿಯಮ ಒಂದೇ: ಹತ್ತು ಅಂಕದ ಉತ್ತರಕ್ಕೆ ಎಂಟು ಅಂಶಗಳಿರಬೇಕು. ಏಳಿದ್ದರೆ ಹಸ್ತಪ್ರತಿ ವಾಪಸು.

ಆ ಪಠ್ಯದಲ್ಲಿ ಆರು ಹಳೆಯ ಇಂಗ್ಲಿಷ್ ಕಥೆಗಳಿದ್ದವು, ಎಲ್ಲವೂ ಉಸಿರು ಬಿಗಿಹಿಡಿದು ಓದುವಂಥವು. ನನಗೆ ಪ್ರಾಣವಾಗಿದ್ದದ್ದು ಅಂಬಿಗನ ಕಥೆ. ಸಂಜೆ ಹೊತ್ತು, ಮಂಜು ಮುಸುಕಿದ ಹೊಳೆ. ಅಪರಿಚಿತನೊಬ್ಬ ಅಂಬಿಗನ ಗುಡಿಸಲಿಗೆ ಬಂದು ಆಚೆ ದಡಕ್ಕೆ ಬಿಡು ಎನ್ನುತ್ತಾನೆ. ದೋಣಿಯಲ್ಲಿ ಕೂತವನು, ಹೋದ ವರ್ಷ ಇದೇ ಹೊಳೆಯಲ್ಲಿ ಮುಳುಗಿ ಸತ್ತ ಒಬ್ಬ ಪ್ರಯಾಣಿಕನ ಬಗ್ಗೆ ಒಂದೊಂದೇ ಪ್ರಶ್ನೆ ಕೇಳತೊಡಗುತ್ತಾನೆ. ಅಂಬಿಗ ಎಲ್ಲಕ್ಕೂ ಸಮಾಧಾನದಿಂದ ಉತ್ತರ ಕೊಡುತ್ತಾನೆ. ನಡುಹೊಳೆಗೆ ಬಂದಾಗ ಹುಟ್ಟು ಹಾಕುವುದನ್ನು ನಿಲ್ಲಿಸಿ, ಬಂದವನು ತನ್ನ ಹೆಸರು ಹೇಳಿರದಿದ್ದರೂ ಅವನನ್ನು ಹೆಸರು ಹಿಡಿದೇ ಕರೆಯುತ್ತಾನೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಕೊಂದವನು ಅಂಬಿಗನೇ, ಬಂದವನು ಸತ್ತವನ ತಮ್ಮ ಎಂಬುದೂ ಅಂಬಿಗನಿಗೆ ಬಾಗಿಲಲ್ಲೇ ತಿಳಿದಿತ್ತು.

ಈ ಕಥೆಯಲ್ಲಿ ಮುನ್ಸೂಚನೆಗಳು ಕುತೂಹಲವನ್ನು ಹೇಗೆ ಕಟ್ಟುತ್ತವೆ ಎಂಬ ಪ್ರಶ್ನೆಗೆ ಅಂದು ನನಗೆ ಏಳು ಅಂಶ ಸಿಕ್ಕವು. ಮಂಜು ಬರೆದೆ, ದೀಪ ಬರೆದೆ, ಕೋಟು ಬರೆದೆ. ಎಂಟನೆಯದು ಏನು ಮಾಡಿದರೂ ಸಿಗಲಿಲ್ಲ. ಮೂಲ ಪುಸ್ತಕ ಕಾಲೇಜಿನ ಕಿಟಕಿಯ ಕಟ್ಟೆಯ ಮೇಲೆಯೇ ಉಳಿದಿತ್ತು, ಮರುದಿನ ಬೆಳಿಗ್ಗೆ ಕುಶಲಶೇಠನಿಗೆ ಹಾಳೆಗಳನ್ನು ಮುಟ್ಟಿಸಬೇಕಿತ್ತು. ತಲೆ ಎತ್ತಿದೆ. ನಮ್ಮ ಲಗ್ನದಲ್ಲಿ ಉಡುಗೊರೆ ಬಂದ ಗೋಡೆಯ ಗಡಿಯಾರ ಸೆಲ್ ಮುಗಿದು ನಿಂತಿತ್ತು. ಬರೆದುಬಿಟ್ಟೆ: ಗುಡಿಸಲಿನ ಗೋಡೆಯ ಮೇಲೆ ನಿಂತುಹೋದ ಗಡಿಯಾರವಿದೆ, ಅದು ಬರಲಿರುವ ಸಾವಿನ ಮುನ್ಸೂಚನೆ. ದೇವರಾಣೆಗೂ ಆ ಕ್ಷಣ ಅದನ್ನು ಓದಿದ ಹಾಗೇ ನೆನಪಾಗಿತ್ತು. ಅಂಥ ಕಥೆಯಲ್ಲಿ ನಿಂತ ಗಡಿಯಾರ ಒಂದು ಇದ್ದೇ ಇರುತ್ತದಲ್ಲ!

ವಾರ ಬಿಟ್ಟು ಪುಸ್ತಕ ತೆರೆದು ನೋಡಿದರೆ ಗಡಿಯಾರವಿಲ್ಲ. ಓಡಿಹೋಗಿ ಕುಶಲಶೇಠನಿಗೆ ಹೇಳಿದೆ. ಅಚ್ಚಾಗಿದೆ, ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂದ. ರಘುರಾಮ ಸರ್‌ಗೆ ಹೇಳಿದರೆ ಅವರು ನಕ್ಕರು.

“ಮೂಲ ಪುಸ್ತಕಾ ಯಾರ ಓದತಾರೋ ಹುಚ್ಚಪ್ಪಾ? ಬಿಡು.”

ಅವರು ಹೇಳಿದ್ದು ನಿಜವಾಯಿತು. ಎರಡೇ ವರ್ಷದಲ್ಲಿ ಗಡಿಯಾರ ಊರೆಲ್ಲ ಹಬ್ಬಿತು. ಹುಡುಗರು ಉತ್ತರಪತ್ರಿಕೆಯಲ್ಲಿ ಅದನ್ನು ಬರೆದರು, ಪರೀಕ್ಷಕರು ಅದರ ಮುಂದೆ ಗುರುತು ಹಾಕಿ ಅಂಕ ಕೊಟ್ಟರು. ಪಕ್ಕದ ಅಂಗಡಿಯವನ ಗೈಡು ನಮ್ಮದರಿಂದ ಕದ್ದು, ಗಡಿಯಾರಕ್ಕೆ ಒಂದು ಪೂರ್ತಿ ಪ್ಯಾರಾ ಕೊಟ್ಟಿತು. ನಾನೂ ತರಗತಿಯಲ್ಲಿ ಅದನ್ನೇ ಹೇಳಿ ಬರೆಸುತ್ತಿದ್ದೆ. ಬರೆಸದಿದ್ದರೆ ಹುಡುಗರ ಅಂಕ ಹೋಗುತ್ತದೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದೆ. ನನ್ನಂಥ ಪುಕ್ಕಲನಿಗೆ ಸಮಜಾಯಿಷಿಗಳ ಬರವೆಂದೂ ಇರಲಿಲ್ಲ.

೧೯೯೫ರಲ್ಲಿ ಕೊನೆಯ ವರ್ಷದ ತರಗತಿಗೆ ಹುಲಿಗೆವ್ವ ಬಂದಳು. ಯೆರವಡಾದ ಹುಡುಗಿ. ತಂದೆ ತಾಯಿ ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಹಾಜರಿ ಕೂಗುವಾಗ ಅವಳ ಹೆಸರಿಗೆ ಹಿಂದಿನ ಬೆಂಚಿನವರು ಕಿಸಕ್ಕೆನ್ನುತ್ತಿದ್ದರು. ಅವಳು ಮಾತ್ರ ಎದ್ದು ನಿಂತೇ ಹಾಜರಿ ಹೇಳುತ್ತಿದ್ದಳು. ಗೈಡು ಕೊಂಡಿರಲಿಲ್ಲ. ಗ್ರಂಥಾಲಯದ ಮೂಲ ಪುಸ್ತಕವನ್ನೇ ಹದಿನೈದು ದಿನಕ್ಕೊಮ್ಮೆ ಮರಳಿಸಿ ಮತ್ತೆ ಪಡೆಯುತ್ತಿದ್ದಳು. ಅವಳ ಮನೆಯ ಹತ್ತಿರದ ಹೆಣ್ಣುಮಕ್ಕಳ ಶಾಲೆಯೊಂದರ ಗ್ರಂಥಾಲಯದಲ್ಲಿ ಸಹಾಯಕಿಯ ಜಾಗ ಖಾಲಿಯಿತ್ತು. ಜೂನ್‌ನಲ್ಲಿ ಪದವಿ ಕೈಗೆ ಬಂದರೆ ನಿನಗೇ ಎಂದು ಅಲ್ಲಿನ ಹೆಡ್‌ಮಿಸ್ಟ್ರೆಸ್ ಹೇಳಿದ್ದಾರೆ ಎಂದು ಒಮ್ಮೆ ನನಗೆ ಹೇಳಿದ್ದಳು. ಹೇಳುವಾಗ ಅವಳ ಮುಖ ಅರಳಿದ್ದು ನನಗೆ ಇನ್ನೂ ನೆನಪಿದೆ.

ನಾನು ಗಡಿಯಾರ ಬರೆಸಿದ ದಿನ ತರಗತಿ ಬಿಟ್ಟ ಮೇಲೆ ವರಾಂಡದಲ್ಲಿ ನನ್ನನ್ನು ತಡೆದಳು. ಪುಸ್ತಕ ತೆರೆದು ನನ್ನ ಮುಂದೆ ಹಿಡಿದಳು.

“ಸರ್, ಎಲ್ಲಿ ಅದರಿ ಗಡಿಯಾರ? ನಾ ಮೂರ ಸಲ ಓದೇನ್ರಿ. ದೀಪ ಅದ, ಬೆಂಚ ಅದ, ಕೋಟ ಅದ. ಗಡಿಯಾರ ಕಾಣವಲ್ದರಿ. ನೀವ ತೋರಸ್ರಿ.”

ನಾನು ಪುಸ್ತಕಕ್ಕೆ ಕೈಯೊಡ್ಡಲಿಲ್ಲ. ಎದುರಿನ ಖಾಲಿ ಗೋಡೆ ನೋಡಿದೆ.

“ಲೇಖಕ ಎಲ್ಲಾ ಬಿಡಿಸಿ ಬರೀತಾನೇನು? ಕೆಲವು ಸೂಚ್ಯ ಇರ್ತಾವ. ಇನ್ನೊಮ್ಮೆ ಸರಿಯಾಗಿ ಓದು,” ಎಂದೆ.

“ಓದತೇನ್ರಿ ಸರ್,” ಎಂದಳು. ಅವಳು ನಿಜವಾಗಿಯೂ ಓದುತ್ತಾಳೆಂದು ನನಗೆ ಗೊತ್ತಿತ್ತು.

೧೯೯೬ರ ಪರೀಕ್ಷೆಯ ಪ್ರಶ್ನೆಪತ್ರಿಕೆ ತೆಗೆದವರು ರಘುರಾಮ ಸರ್. ತಮ್ಮದೇ ಹೆಸರಿನ ಗೈಡು ಮುಂದಿಟ್ಟುಕೊಂಡು ತೆಗೆದರು ಎಂಬುದಕ್ಕೆ ಐದನೆಯ ಪ್ರಶ್ನೆಯೇ ಸಾಕ್ಷಿ: ಅಂಬಿಗನ ಗುಡಿಸಲಿನಲ್ಲಿ ನಿಂತುಹೋದ ಗಡಿಯಾರದ ಮಹತ್ವವನ್ನು ವಿವರಿಸಿರಿ. ಹತ್ತು ಅಂಕ. ಮೌಲ್ಯಮಾಪನಕ್ಕೆ ನಾನೂ ಹೋಗಿದ್ದೆ. ದೊಡ್ಡ ಹಾಲಿನಲ್ಲಿ ಉದ್ದದ ಟೇಬಲ್ಲುಗಳು, ಗಂಟುಕಟ್ಟಿದ ಉತ್ತರಪತ್ರಿಕೆಗಳು, ಮೇಲುಸ್ತುವಾರಿಗೆ ಮತ್ತೆ ರಘುರಾಮ ಸರ್. ಮೂರನೆಯ ದಿನ ಮಧ್ಯಾಹ್ನ ಒಂದು ಪತ್ರಿಕೆ ಕೈಗೆ ಬಂತು. ಅದರ ಮೇಲೆ ಹೆಸರಿರಲಿಲ್ಲ, ನಂಬರು ಮಾತ್ರ. ಐದನೆಯ ಉತ್ತರವನ್ನು ಮುರುಕು ಇಂಗ್ಲಿಷಿನಲ್ಲಿ ಹೀಗೆ ಬರೆದಿತ್ತು:

‘ಈ ಕಥೆಯಲ್ಲಿ ಗಡಿಯಾರ ಇಲ್ಲ. ನಾನು ಏಳು ಸಲ ಓದಿದ್ದೇನೆ. ಭಯ ಬೇರೆ ಕಡೆಯಿಂದ ಬರುತ್ತದೆ. ಬಂದವನು ಇಷ್ಟೆಲ್ಲ ಕೇಳುತ್ತಾನೆ. ಅಂಬಿಗ ಮಾತ್ರ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ನೀನು ಯಾರು, ಸತ್ತವನು ನಿನಗೆ ಏನಾಗಬೇಕು ಎಂದು ಯಾರಾದರೂ ಕೇಳುತ್ತಾರೆ. ಅವನು ಕೇಳುವುದಿಲ್ಲ. ಗೊತ್ತಿದ್ದವನು ಕೇಳುವುದಿಲ್ಲ. ಇದೇ ಮುನ್ಸೂಚನೆ.’

ಪೆನ್ನು ಕೆಳಗಿಟ್ಟೆ. ಆ ಪುಸ್ತಕವನ್ನು ಏಳು ಸಲ ಓದುವವಳು ಒಬ್ಬಳೇ. ಹತ್ತು ವರ್ಷ ಆ ಕಥೆಯನ್ನು ಕಲಿಸಿದ್ದೆ, ಇದು ನನಗೆ ಹೊಳೆದಿರಲಿಲ್ಲ. ನನಗೆ ಬೇಕಾಗಿದ್ದ ಎಂಟನೆಯ ಅಂಶ ಅಲ್ಲಿತ್ತು; ಕಥೆಯ ಒಳಗೇ ಇತ್ತು. ಅದನ್ನು ಯೆರವಡಾದ ಒಂದು ಹುಡುಗಿ ಕಂಡಿದ್ದಳು, ಸಂತೋಷಕ್ಕೆ ನನ್ನ ಕಣ್ಣು ತುಂಬಿದವು. ನಾಚಿಕೆಯೂ ಆಯಿತು. ಮೊದಲು ಬಂದದ್ದು ಮಾತ್ರ ಸಂತೋಷವೇ.

ಉಳಿದ ಉತ್ತರಗಳ ಅಂಕ ಕೂಡಿಸಿದೆ. ಅವಳ ವ್ಯಾಕರಣ ಕಚ್ಚಾ, ಪ್ರಬಂಧ ಅರ್ಧಕ್ಕೇ ನಿಂತಿತ್ತು. ಮೂವತ್ತನಾಲ್ಕು. ಪಾಸಿಗೆ ನಲವತ್ತು ಬೇಕು. ಈ ಉತ್ತರಕ್ಕೆ ಆರು ಅಂಕ ಕೊಟ್ಟರೆ ಸಾಕಿತ್ತು. ಆದರೆ ಮಾದರಿ ಉತ್ತರದ ಹಾಳೆಯಲ್ಲಿ ಗಡಿಯಾರದ ಎಂಟು ಅಂಶಗಳಿದ್ದವು. ಅವುಗಳಲ್ಲಿ ಒಂದಾದರೂ ಇರದ ಉತ್ತರಕ್ಕೆ ಅಂಕ ಕೊಡಬೇಕಾದರೆ ಮೇಲುಸ್ತುವಾರಿಯವರ ಸಹಿ ಬೇಕು. ಎದ್ದು ರಘುರಾಮ ಸರ್ ಹತ್ತಿರ ಹೋದೆ.

“ಸರ್, ಒಬ್ಬರು ಕಥಿಯೊಳಗ ಗಡಿಯಾರನ ಇಲ್ಲ ಅಂತ ಬರದಾರ್ರಿ. ಉತ್ತರ ಮಾತ್ರ ಭಾಳ ಛಲೋ ಅದ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು ಕನ್ನಡದಲ್ಲೇ ಹೇಳಿದರು.

“ಅದು ಖರೇ ಅಂದ್ರ ಪ್ರಶ್ನೆ ತಪ್ಪು ಅಂದಂಗಾತು. ಪ್ರಶ್ನೆ ತಪ್ಪಂದ್ರ ತಗದಾಂವ ತಪ್ಪು. ಆಮ್ಯಾಲೆ ಗೈಡು, ಆಮ್ಯಾಲೆ ಅದನ್ನ ಬರದಾಂವ. ಎಲ್ಲೀತನಕಾ ಹೋಗತೀ ನೋಡ್ಕೋ. ಜೂನದಾಗ ನಿನ್ನ ಇಂಟರ್‌ವ್ಯೂ ಅದ, ನೆನಪದ ಇಲ್ಲೋ?”

ನೆನಪಿತ್ತು. ಹತ್ತು ವರ್ಷದಲ್ಲಿ ಮೊದಲ ಸಲ ಖಾಯಂ ಜಾಗದ ಜಾಹೀರಾತು ಬಂದಿತ್ತು. ಆಯ್ಕೆಯ ಸಮಿತಿಯಲ್ಲಿ ರಘುರಾಮ ಸರ್ ಇದ್ದರು. ನನ್ನ ಟೇಬಲ್ಲಿಗೆ ಬಂದು ಕೂತೆ. ಕಾಫಿ ಬಂತು, ಕುಡಿದೆ. ಆಮೇಲೆ ಆ ಉತ್ತರದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿದೆ. ಸೊನ್ನೆ ದುಂಡಗೆ ಬರಲಿಲ್ಲವೆಂದು ಮೇಲೆ ಇನ್ನೊಮ್ಮೆ ತಿದ್ದಿದೆ. ಅಷ್ಟು ನೀಚ ಕೆಲಸವನ್ನೂ ನೀಟಾಗಿ ಮಾಡಬೇಕೆನ್ನಿಸಿತಲ್ಲ, ಅದಕ್ಕೆ ಏನೆನ್ನಬೇಕು?

ಫಲಿತಾಂಶದ ದಿನ ಕಾಲೇಜಿನ ಮೆಟ್ಟಿಲ ಮೇಲೆ ಜಾತ್ರೆಯಾಗಿತ್ತು. ಹುಡುಗರು ಬಂದು ಕಾಲು ಮುಟ್ಟಿದರು, ಪೇಢೆ ಕೊಟ್ಟರು. ಎಷ್ಟು ಬಂತೋ, ನಿನಗೆಷ್ಟು ಬಂತು ಎಂದು ಒಬ್ಬೊಬ್ಬರನ್ನೇ ಕೇಳುತ್ತ ಕೆಳಗಿಳಿದೆ. ಕೊನೆಯ ಮೆಟ್ಟಿಲ ಹತ್ತಿರ, ನೋಟಿಸು ಬೋರ್ಡಿಗೆ ಬೆನ್ನು ಮಾಡಿ ಹುಲಿಗೆವ್ವ ನಿಂತಿದ್ದಳು. ನನ್ನ ಬಾಯಿ ಪೇಢೆಯಿಂದ ತುಂಬಿತ್ತು. ಅವಳನ್ನು ದಾಟಿಕೊಂಡು ಸ್ಕೂಟರಿನ ಕಡೆ ಹೋದೆ.

ಎರಡು ವಾರದ ಮೇಲೆ ಇಂಟರ್‌ವ್ಯೂ. ಹೊರಗಿನಿಂದ ಬಂದ ತಜ್ಞರು ಗಡಿಯಾರವನ್ನೇ ಕೇಳಿದರು. ಆ ಕಥೆಯ ಅತ್ಯಂತ ಸೂಕ್ಷ್ಮ ಸಂಕೇತ ಅದು, ಅದರ ಬಗ್ಗೆ ಹೇಳಿ ಎಂದರು. ನಾನು ಎಂಟು ನಿಮಿಷ ಹೇಳಿದೆ. ನಿಂತ ಕಾಲ, ಕಾಲದ ಹೊಳೆ, ಆಚೆ ದಡದ ಸಾವು, ಏನೇನೋ. ಮಾತಿನ ಭರದಲ್ಲಿ ಮುಳ್ಳುಗಳು ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಿಂತಿವೆ ಎಂದೂ ಹೇಳಿಬಿಟ್ಟೆ. ಚಿಂಚವಾಡದ ನಮ್ಮ ಮನೆಯ ಗಡಿಯಾರ ನಿಂತದ್ದು ಆ ಹೊತ್ತಿಗೆ. ತಜ್ಞರು ತಲೆದೂಗಿದರು. ರಘುರಾಮ ಸರ್ ಅದನ್ನು ಬರೆದುಕೊಂಡರು.

ನಾನು ಖಾಯಂ ಆದೆ. ಬೀಗವಿರುವ ಕಪಾಟು ಸಿಕ್ಕಿತು. ಮಾಧುರಿ ಆಮೇಲೆ ಏಪ್ರಿಲ್‌ನಲ್ಲಿ ತವರಿಗೆ ಹೋಗಲಿಲ್ಲ. ಗೋಡೆಯ ಗಡಿಯಾರಕ್ಕೆ ಹೊಸ ಸೆಲ್ ತಂದು ಹಾಕಿದಳು. ಗೈಡಿನ ಮುಂದಿನ ಆವೃತ್ತಿಯಲ್ಲಿ ನಾಲ್ಕೂ ಹತ್ತು ಸೇರಿತು. ಕೆಲವು ವರ್ಷದ ಮೇಲೆ ಪ್ರಶ್ನೆಪತ್ರಿಕೆಯಲ್ಲಿ ಒಂದಂಕದ ಪ್ರಶ್ನೆಯಾಗಿ ಬಂತು: ಗಡಿಯಾರ ಎಷ್ಟು ಹೊತ್ತಿಗೆ ನಿಂತಿತ್ತು? ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನು ಆರಿಸಿರಿ. ಸಾವಿರಾರು ಮಕ್ಕಳು ಸರಿಯಾದದ್ದನ್ನು ಆರಿಸಿದರು.

ರಘುರಾಮ ಸರ್ ನಿವೃತ್ತರಾದ ಮೇಲೆ ೨೦೦೪ರಲ್ಲಿ ಕುಶಲಶೇಠ ನನ್ನ ಹೆಸರಿನಲ್ಲೇ ಗೈಡು ತರುತ್ತೇನೆಂದ. ಹನ್ನೊಂದು ವರ್ಷದ ಮೇಲೆ ನನ್ನ ಪುಸ್ತಕದ ಮೇಲೆ ನನ್ನ ಹೆಸರು. ಈಗಲಾದರೂ ಗಡಿಯಾರವನ್ನು ತೆಗೆಯಬಹುದಿತ್ತು. ಕರಡು ಮುಂದಿಟ್ಟುಕೊಂಡು ಒಂದು ಸಂಜೆ ಪೂರ್ತಿ ಕೂತೆ. ಆದರೆ ಪ್ರಶ್ನೆ ಪ್ರತಿ ವರ್ಷ ಬರುತ್ತಿತ್ತು, ಉತ್ತರವಿರದ ಗೈಡನ್ನು ಯಾರು ಕೊಳ್ಳುತ್ತಾರೆ? ಗಡಿಯಾರವನ್ನು ಹಾಗೇ ಬಿಟ್ಟೆ.

ಪ್ರತಿಗಳನ್ನು ತರಲು ಅಪ್ಪಾ ಬಳವಂತ ಚೌಕಕ್ಕೆ ಹೋದೆ. ಜೂನ್ ತಿಂಗಳು, ಅಂಗಡಿಗಳ ಮುಂದೆ ಕಾಲಿಡಲು ಜಾಗವಿಲ್ಲ. ಕುಶಲಶೇಠನ ಅಂಗಡಿಯ ಗಲ್ಲೆಯ ಆಚೆ ಒಬ್ಬ ಹೆಂಗಸು ಕೇಳಿದವರಿಗೆ ಕೇಳಿದ ಗೈಡನ್ನು ನೋಡದೆಯೇ ಎಳೆದು ಕೊಡುತ್ತಿದ್ದಳು. ಮರಾಠಿ ಸರಾಗವಾಗಿತ್ತು. ನನ್ನ ಸರದಿ ಬಂದಾಗ ಕನ್ನಡಕ್ಕೆ ಹೊರಳಿದಳು.

“ಆರಾಮ ಅದೀರಿಲ್ಲರಿ ಸರ್?”

ಹುಲಿಗೆವ್ವ. ಹಣೆಯ ಹತ್ತಿರ ನಾಲ್ಕು ಬಿಳಿಗೂದಲು, ಅಷ್ಟೇ ಬದಲಾವಣೆ. ನನ್ನ ಹೆಸರಿನ ಗೈಡುಗಳ ಕಟ್ಟನ್ನು ಗಲ್ಲೆಯ ಮೇಲಿಟ್ಟಳು.

“ಈ ಸಲ ನಿಮ್ಮ ಹೆಸರು ಬಂದದ ನೋಡ್ರಿ,” ಎಂದಳು. “ಮೊದಲಿಂದನೂ ನಿಮ್ಮದ ಅಲ್ರಿ ಇದು?”

“ಯಾರ ಹೇಳಿದ್ರು ನಿನಗ?”

“ಯಾರ ಹೇಳಬೇಕ್ರಿ? ಸುಳಿವು ಹುಡಕೂದು ನೀವ ಕಲಸಿದ್ದಲ್ರಿ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತರಗತಿಯಲ್ಲಿ ಉತ್ತರ ಹೇಳುವಂತೆಯೇ ಹೇಳಿದಳು. “ನಾ ಪುಸ್ತಕಾ ಮುಂದ ಹಿಡದಾಗ ನೀವು ಅದನ್ನ ಮುಟ್ಟಲಿಲ್ಲ, ಗ್ವಾಡಿ ನೋಡಿದ್ರಿ. ಗಡಿಯಾರ ಅದ ಅಂತ ನಂಬಿದಾಂವ ಪುಟಾ ತಿರುವಿ ತೋರಸ್ತಾನ್ರಿ. ಆಮ್ಯಾಲೆ ಈ ಅಂಗಡಿಗೆ ಬಂದು ಗೈಡ್ ಓದಿದೆ. ನೀವು ಬರಸಿದ್ದ ಮಾತ, ಒಂದ ಅಕ್ಷರ ಹೆಚ್ಚುಕಮ್ಮಿ ಇಲ್ಲ.”

ಹಿಂದಿನವರು ನೂಕುತ್ತಿದ್ದರು.

“ನನ್ನ ಪೇಪರ್ ನೋಡಿದಾವ್ರೂ ನೀವ. ರಿಸಲ್ಟ್ ದಿವಸ ಎಲ್ಲಾರ್ನೂ ಎಷ್ಟ ಬಂತು ಎಷ್ಟ ಬಂತು ಅಂತ ಕೇಳಕೋತ ಬಂದ್ರಿ. ನನ್ನ ಒಬ್ಬಾಕಿನ್ನ ಕೇಳಲಿಲ್ಲ.” ಅವಳು ಕಟ್ಟಿನ ದಾರವನ್ನು ಬಿಗಿ ಮಾಡಿದಳು. “ಅಂಬಿಗ ಕೇಳಲಿಲ್ಲಲ್ರಿ, ಹಂಗ.”

ಆಗಲಾದರೂ ತಪ್ಪಾಯಿತೆನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

“ಅಕ್ಟೋಬರದಾಗ ಮತ್ತ ಪರೀಕ್ಷಾಕ್ಕ ಕೂಡಬೇಕಾಗಿತ್ತು ನೀನು.”

“ಕೂತಿದ್ದೆರಿ. ಅದ ಪ್ರಶ್ನೆ ಬಂದಿತ್ತು. ಅಷ್ಟೊತ್ತಿಗೆ ಸಾಲೀ ಲೈಬ್ರರಿ ಕೆಲಸಾ ಬ್ಯಾರೇದಾವ್ರಿಗೆ ಹೋಗಿತ್ತು, ಪಾಸಾದ್ರ ಸಾಕು, ಗಡಿಯಾರ ಅದ ಅಂತ ಬರದಬಿಡೂಣು ಅಂತ ಮಾಡಿದೆ.” ಗಲ್ಲೆಯ ಮೇಲಿನ ಗೈಡನ್ನು ನೇರ ಮಾಡಿಟ್ಟಳು. “ಕೈ ಏಳಲಿಲ್ರಿ.”

ಅಷ್ಟರಲ್ಲಿ ಒಬ್ಬ ತಾಯಿ ತನ್ನ ಮಗಳೊಂದಿಗೆ ನನ್ನ ಪಕ್ಕಕ್ಕೆ ತೂರಿ ಬಂದಳು. ಮಗಳು ಕೊನೆಯ ವರ್ಷಕ್ಕೆ ಬಂದಿದ್ದಳು. ಹುಡುಗಿಯೇ ಕಥಾ ಪುಸ್ತಕದ ಗೈಡು ಬೇಕೆಂದು ಮರಾಠಿಯಲ್ಲಿ ಕೇಳಿ, ಮೂಲ ಪುಸ್ತಕವನ್ನೂ ಕೊಡಿ, ಓದಬೇಕು ಎಂದಳು. ಹುಲಿಗೆವ್ವ ಎರಡನ್ನೂ ತೆಗೆದಳು. ಗೈಡನ್ನು ಮಾತ್ರ ಹುಡುಗಿಯ ಮುಂದೆ ಸರಿಸಿದಳು.

“ಮೂಲ ಪುಸ್ತಕ ಬೇಡವ್ವಾ,” ಎಂದು ಮರಾಠಿಯಲ್ಲಿ ಮೃದುವಾಗಿ ಹೇಳಿದಳು. “ಅದನ್ನು ಓದಿದರೆ ನಪಾಸಾಗುತ್ತೀ. ಬೇಕಾದರೆ ಇವರನ್ನು ಕೇಳು, ಈ ಗೈಡು ಬರೆದ ಸರ್ ಇವರೇ.”

ಹುಡುಗಿ ನನ್ನ ಕಡೆ ತಿರುಗಿದಳು. ಹೌದಾ ಸರ್ ಎಂದು ಕೇಳಿದಳು. ಹುಲಿಗೆವ್ವ ಕೂಡ ನನ್ನನ್ನೇ ನೋಡುತ್ತಿದ್ದಳು. ಮೂಲ ಪುಸ್ತಕ ಇನ್ನೂ ಅವಳ ಕೈಯಲ್ಲಿತ್ತು. ನಾನು ಗೈಡು ಬೇಡವೆಂದರೆ, ಮೂಲವನ್ನೇ ಓದು ಎಂದರೆ, ಕೊಡಲು ಅವಳು ಕಾದಿದ್ದಳು ಎಂಬುದು ನನಗೆ ಸ್ಪಷ್ಟವಾಗಿ ತಿಳಿಯಿತು.

ಹೌದು ಎಂದೆ.

ಹುಲಿಗೆವ್ವ ಪುಸ್ತಕವನ್ನು ಹಿಂದಿನ ಕಪಾಟಿನಲ್ಲಿಟ್ಟು, ಮುಂದಿನವರನ್ನು ಕರೆದಳು.